ಬೆಳಗಾವಿಯಲ್ಲಿ ವಯೊಲಿನ್-ಪಿಯಾನೊ ಕಾರ್ಯಕ್ರಮ: ಯಾವುದು ಮೊದಲು, ಯಾವುದು ಕೊನೆಗೆ?

ಟಿಳಕವಾಡಿ ವಯೊಲಿನ್

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಒಂದು ಭಾನುವಾರ ಸಂಜೆ ವಯೊಲಿನ್ ಮತ್ತು ಪಿಯಾನೊ ಕಾರ್ಯಕ್ರಮ ಮಾಡಬೇಕು ಅಂತ ನಾವಿಬ್ಬರು ಗೆಳತಿಯರು ನಿರ್ಧರಿಸಿದ್ದೇವೆ. ಜಾಗ ಬೆಳಗಾವಿಯ ಕ್ಯಾಂಪ್ ಪ್ರದೇಶದ ಒಂದು ಶಾಲೆಯ ಹಳೆಯ ಸಭಾಂಗಣ. ನೂರೈವತ್ತು ಜನ ಆರಾಮಾಗಿ ಕೂರಬಹುದು. ಅಲ್ಲೇ ಒಂದು ಅಪ್‌ರೈಟ್ (ನೆಟ್ಟಗೆ ನಿಲ್ಲುವ) ಪಿಯಾನೊ ಇದೆ. ಟಿಕೆಟ್ ಇಲ್ಲ, ಮೈಕ್ ಕೂಡ ಬೇಡ ಅಂದುಕೊಂಡಿದ್ದೇವೆ.

ನಮ್ಮೂರಲ್ಲಿ ಹಿಂದೂಸ್ತಾನಿ ಬೈಠಕ್‌ಗೆ ಜನ ಬರುತ್ತಾರೆ, ನಾಟ್ಯಗೀತೆಗೂ ಬರುತ್ತಾರೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅಂದರೆ ಚರ್ಚ್, ಶಾಲೆಯ ವಾರ್ಷಿಕೋತ್ಸವ, ಟ್ರಿನಿಟಿ ಸಂಗೀತ ಪರೀಕ್ಷೆ, ಇಷ್ಟರಲ್ಲೇ ಮುಗಿಯುತ್ತದೆ. ಪೂರ್ತಿ ಸೊನಾಟಾಗಳನ್ನು (ಹಲವು ಭಾಗಗಳಿರುವ ಉದ್ದನೆಯ ವಾದ್ಯಕೃತಿಗಳನ್ನು) ಕೂತು ಕೇಳುವ ಒಂದು ಸಂಜೆ ಇಲ್ಲಿ ಆಗಲೇಬೇಕು ಅನ್ನೋದು ನನ್ನ ಹಠ.

ಈಗಿನ ಯಾದಿ ಹೀಗಿದೆ. ಮೊದಲು ಬಾಖ್‌ನ ಇ ಮೇಜರ್ ಸೊನಾಟಾ, ಆಮೇಲೆ ಬೀಥೋವನ್‌ನ ಸ್ಪ್ರಿಂಗ್ ಸೊನಾಟಾ. ವಿರಾಮ. ನಂತರ ಡೆಬ್ಯುಸಿಯ ಸೊನಾಟಾ, ಸೇಜಾರ್ ಫ್ರಾಂಕ್‌ನ ಸೊನಾಟಾ, ಕೊನೆಗೆ ಮೊಂಟಿಯ ಚಾರ್ದಾಶ್ (ಹಂಗೇರಿಯ ನೃತ್ಯ ಶೈಲಿಯ ಚಿಕ್ಕ ತುಣುಕು). ಕಾಲದ ಲೆಕ್ಕದಲ್ಲಿ ಹೆಚ್ಚುಕಡಿಮೆ 18ನೇ ಶತಮಾನದಿಂದ 20ನೇ ಶತಮಾನದವರೆಗೆ ಬರುವ ಹಾಗೆ ಜೋಡಿಸಲು ನೋಡಿದ್ದೇನೆ, ಡೆಬ್ಯುಸಿ ಮಾತ್ರ ಫ್ರಾಂಕ್‌ಗಿಂತ ಮುಂಚೆ ಬಂದಿದೆ. ಸಂಗೀತವೇ ಸುಮಾರು 90 ನಿಮಿಷ ಆಗುತ್ತದೆ. ಜಾಸ್ತಿ ಆಯಿತಾ? ಯಾವುದನ್ನು ತೆಗೆಯಲಿ, ಯಾವುದನ್ನು ಎಲ್ಲಿ ಇಡಲಿ? ಮನಸ್ಸು ಬಿಚ್ಚಿ ಹೇಳಿ.

ಕ್ಯಾಂಪ್ ಪಿಯಾನೊ

ಇವರ ಜೊತೆ ಪಿಯಾನೊ ನುಡಿಸುವವಳು ನಾನೇ. ಮನೆಯಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಈ ಯಾದಿ ವಯೊಲಿನ್ ಕಡೆಯಿಂದ ನೋಡಿದರೆ ಚೆನ್ನಾಗಿದೆ, ಪಿಯಾನೊ ಕಡೆಯಿಂದ ನೋಡಿದರೆ ಕಷ್ಟ. ಸೊನಾಟಾದಲ್ಲಿ ಪಿಯಾನೊ ಬರೀ ಸಾಥ್ ಕೊಡುವ ವಾದ್ಯವಲ್ಲ. ಬಾಖ್‌ನಲ್ಲಿ ನನ್ನ ಬಲಗೈ ವಯೊಲಿನ್‌ಗೆ ಸರಿಸಮ. ಮೊಜಾರ್ಟ್ ಕಾಲದಲ್ಲಂತೂ ಇಂಥ ಸೊನಾಟಾಗಳು ಕೀಬೋರ್ಡಿಗೆ ವಯೊಲಿನ್ ಜೊತೆಗೂಡಿದ ಸೊನಾಟಾ ಅಂತಲೇ ಅಚ್ಚಾಗುತ್ತಿದ್ದವು.

ಇನ್ನು ಫ್ರಾಂಕ್. ಅವರ ಕೈ ತುಂಬಾ ದೊಡ್ಡದಿತ್ತು. ಒಂದೇ ಕೈಯಲ್ಲಿ ಹತ್ತು ಸ್ವರಗಳ ಅಂತರ ಹಿಡಿಯಬೇಕಾದ ಜಾಗಗಳಿವೆ. ನನ್ನ ಕೈಗೆ ಎಂಟೇ ನೆಮ್ಮದಿ. ಹಾಗಾಗಿ ಅಲ್ಲೆಲ್ಲ ಸ್ವರಗಳನ್ನು ಒಂದಾದ ಮೇಲೊಂದು ಉರುಳಿಸಿಕೊಂಡು ನುಡಿಸಬೇಕು. ಅದರ ಎರಡನೇ ಮೂವ್‌ಮೆಂಟ್ (ಸೊನಾಟಾದ ಒಂದು ಭಾಗ) ಮುಗಿಯುವ ಹೊತ್ತಿಗೆ ಮೊಣಕೈಯವರೆಗೂ ಬಿಗಿದಿರುತ್ತದೆ. ಅದಕ್ಕೂ ಮುಂಚೆ ಬಾಖ್, ಬೀಥೋವನ್, ಡೆಬ್ಯುಸಿ ಮೂರನ್ನೂ ನುಡಿಸಿ ಬಂದರೆ ಫ್ರಾಂಕ್‌ಗೆ ನ್ಯಾಯ ಸಿಗುವುದಿಲ್ಲ. ನನಗೆ ಫ್ರಾಂಕ್ ಬೇಕೇ ಬೇಕು. ಉಳಿದದ್ದರಲ್ಲಿ ಎರಡನ್ನು ಬಿಡಿ ಅನ್ನುವುದು ನನ್ನ ಮಾತು.

ಶಹಾಪುರದ ಕೇಳುಗ

ನಾನು ಸಂಗೀತಗಾರನಲ್ಲ. ನೇಕಾರರ ಓಣಿಯವನು. ಬರ್ತೀನಿ ಅಂತ ಮನಸ್ಸಿದೆ, ಹೆದರಿಕೆಯೂ ಇದೆ. ಫ್ರಾಂಕ್ ಸೊನಾಟಾ 28 ನಿಮಿಷವಂತೆ. ಅಷ್ಟು ಉದ್ದದ ಒಂದು ತುಣುಕು ಅಂದರೆ ನನ್ನಂಥವರಿಗೆ ಎಲ್ಲಿದ್ದೇವೆ ಅಂತ ಗೊತ್ತಾಗುತ್ತದಾ? ಮೂರು ನಾಲ್ಕು ನಿಮಿಷದ ಚಿಕ್ಕ ಚಿಕ್ಕವು ಹತ್ತು ಇಟ್ಟರೆ ಒಳ್ಳೆಯದಲ್ವಾ? ನಡುವೆ ಒಂದೆರಡು ಹಳೆಯ ಸಿನಿಮಾ ಹಾಡು ಇದ್ದರೆ ಮನೆಯವರನ್ನೂ ಕರೆತರಬಹುದು. ಇನ್ನೊಂದು, ಚಪ್ಪಾಳೆ ಯಾವಾಗ ಹೊಡೀಬೇಕು? ತಪ್ಪು ಜಾಗದಲ್ಲಿ ಹೊಡೆದರೆ ಎಲ್ಲರೂ ತಿರುಗಿ ನೋಡುತ್ತಾರೆ ಅಂತ ಕೇಳಿದ್ದೇನೆ.

ಸುಳೇಭಾವಿ ದಾರಿ

ಶಹಾಪುರದ ತಮ್ಮಾ, ನೀನು ಕೇಳಿದ್ದು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಆದರೆ ಚಿಕ್ಕ ತುಣುಕುಗಳ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ನಮ್ಮ ಸುಳೇಭಾವಿಯಲ್ಲಿ. ಈ ಸುತ್ತಿನ ಜನ ಒಂದೇ ರಾಗವನ್ನು ನಿಧಾನದ ವಿಲಂಬಿತ್‌ನಿಂದ ವೇಗದ ದ್ರುತ್‌ವರೆಗೆ ಮುಕ್ಕಾಲು ಗಂಟೆ ಕೂತು ಕೇಳಿದವರು. ನಮಗೆ ಉದ್ದದ ಭಯ ಇಲ್ಲ. ದಾರಿ ಕಾಣದಿದ್ದರೆ ಮಾತ್ರ ಬೇಸರವಾಗುತ್ತದೆ. ಖಯಾಲ್ ಗಾಯನದಲ್ಲಿ ಬಂದಿಶ್‌ನ ಮುಖಡಾ, ಅಂದರೆ ಹಾಡಿನ ಮೊದಲ ತುಣುಕು, ಮತ್ತೆ ಮತ್ತೆ ಬರುತ್ತದೆ, ಅದನ್ನು ಹಿಡಿದು ಕೂರುತ್ತೇವೆ. ಅದೇ ರೀತಿ ಸೊನಾಟಾದಲ್ಲಿ ಯಾವುದನ್ನು ಹಿಡಿದು ಕೂರಬೇಕು ಅಂತ ಮೊದಲೇ ಎರಡು ಮಾತು ಹೇಳಿ, ಆ ಧುನ್ ಒಮ್ಮೆ ನುಡಿಸಿ ತೋರಿಸಿ. ಆಮೇಲೆ 28 ನಿಮಿಷ ಏನು ಮಹಾ?

ಹತ್ತು ಚಿಕ್ಕ ತುಣುಕು ಇಟ್ಟರೆ ಹತ್ತು ಸಲ ಕಿವಿಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ದಣಿವಾಗುವುದು ಅದರಿಂದಲೇ.

ಒಂದು ಸಂದೇಹ ಮಾತ್ರ ನನಗೂ ಇದೆ. ಪಿಯಾನೊದ ಗಾಂಧಾರ (ಗ ಸ್ವರ) ನನ್ನ ಕಿವಿಗೆ ಯಾವಾಗಲೂ ಸ್ವಲ್ಪ ಏರಿದಂತೆ ಕೇಳುತ್ತದೆ. ತಂಬೂರಿಯ ಒಳಗಿಂದ ಏಳುವ ಗಾಂಧಾರ ಅದಲ್ಲ. ವಯೊಲಿನ್‌ಗೆ ಕಟ್ಟುಪಾಡಿಲ್ಲ, ಎಲ್ಲಿ ಬೇಕಾದರೂ ಬೆರಳು ಇಡಬಹುದು. ಹಾಗಿದ್ದರೆ ಎರಡೂ ಕೂಡಿದಾಗ ನೀವು ಯಾರ ಗಾಂಧಾರ ಹಿಡಿಯುತ್ತೀರಿ?

ಟಿಳಕವಾಡಿ ವಯೊಲಿನ್

ಸರ್, ನಿಮ್ಮ ಕಿವಿ ಕೇಳಿದ್ದು ಸರಿಯಾಗೇ ಇದೆ. ಪಿಯಾನೊದಲ್ಲಿ ಸಪ್ತಕವನ್ನು 12 ಸಮ ಭಾಗ ಮಾಡಿರುತ್ತಾರೆ. ಪ್ರತಿ ಭಾಗಕ್ಕೆ 100 ಸೆಂಟ್ ಅಂತ ಲೆಕ್ಕ. ಆ ಲೆಕ್ಕದಲ್ಲಿ ಶುದ್ಧ ಗಾಂಧಾರ 400ಕ್ಕೆ ಬಂದು ನಿಲ್ಲುತ್ತದೆ. ತಂಬೂರಿಯಲ್ಲಿ ಕೇಳುವ ಸಹಜ ಗಾಂಧಾರ 386ರ ಹತ್ತಿರ. ಅಂದರೆ 14 ಸೆಂಟ್ ಏರು. ಕೂತು ಕೇಳುವವರಿಗೆ ಅದು ಖಂಡಿತ ಗೊತ್ತಾಗುತ್ತದೆ.

ನಾನು ಏನು ಮಾಡುತ್ತೇನೆ ಅಂದರೆ, ಪಿಯಾನೊ ಅದೇ ಸ್ವರವನ್ನು ಹಿಡಿದು ನಿಂತಿದ್ದರೆ ಅದಕ್ಕೇ ಸೇರಿಕೊಳ್ಳುತ್ತೇನೆ. ಅಲ್ಲಿ ಹಠ ಮಾಡಿದರೆ ಎರಡೂ ಬೇಸೂರು ಆಗುತ್ತದೆ. ಪಿಯಾನೊ ಸುಮ್ಮನಿರುವಾಗ ಅಥವಾ ಬೇರೆ ಸ್ವರದಲ್ಲಿ ಓಡುವಾಗ ಕಿವಿ ಹೇಳಿದ ಕಡೆ ಬೆರಳು ಹೋಗುತ್ತದೆ. ಫ್ರಾಂಕ್‌ನ ಮೂರನೇ ಮೂವ್‌ಮೆಂಟ್ ಶುರುವಿನಲ್ಲಿ ವಯೊಲಿನ್ ಒಂದೇ ಮಾತಾಡುವ ಜಾಗಗಳಿವೆ, ಸುಮಾರಾಗಿ ಆಲಾಪದ ಹಾಗೆ ಲಯದ ಬಿಗಿ ಇಲ್ಲದೆ. ಅಲ್ಲಿ ನೀವು ಕಣ್ಣು ಮುಚ್ಚಿ ಕೇಳಬೇಕು ಸರ್. ನಿಮಗೆ ಖಂಡಿತ ಹಿಡಿಸುತ್ತದೆ.

ಗೋಕಾಕ ಹಾರ್ಮೋನಿಯಂ

ಗಾಂಧಾರದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಇದೇ ಕಾರಣ ಕೊಟ್ಟು 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು. ಸ್ವರ ಸ್ಥಿರ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರೋದಿಲ್ಲ ಅನ್ನೋದು ಆಕ್ಷೇಪ. ದಶಕಗಳ ಕಾಲ ಆ ನಿಷೇಧ ಇತ್ತು. ಅಷ್ಟೂ ಕಾಲ ನಮ್ಮ ಕಡೆಯ ಗಾಯಕರು ಹಾರ್ಮೋನಿಯಂ ಬಿಡಲಿಲ್ಲ, ಕೇಳುಗರೂ ಬಿಡಲಿಲ್ಲ. ಒಳ್ಳೆಯ ಕೈ ಇದ್ದರೆ ಕಿವಿ ತಾನೇ ಒಗ್ಗಿಕೊಳ್ಳುತ್ತದೆ.

ಹಾಗಿದ್ದ ಮೇಲೆ ಕೊನೆಗೆ ಪಿಯಾನೊ ಜೊತೆ ವಯೊಲಿನ್‌ನಲ್ಲಿ ಒಂದು ಭೈರವಿ ಧುನ್ ಯಾಕೆ ಇಡಬಾರದು? ನಮ್ಮ ಜನ ಭೈರವಿ ಇಲ್ಲದೆ ಎದ್ದು ಹೋಗೋದಿಲ್ಲ.

ಕ್ಯಾಂಪ್ ಪಿಯಾನೊ

ಅಣ್ಣಾ, ಕೇಳಿದರೆ ಖುಷಿಯಾಗುತ್ತದೆ, ಆದರೆ ನನ್ನಿಂದ ಆಗುವ ಕೆಲಸ ಅಲ್ಲ. ಭೈರವಿ ಅಂದರೆ ನನ್ನ ಎಡಗೈ ಏನು ನುಡಿಸಬೇಕು? ಸಾ-ಪ ಹಿಡಿದು ಕೂತರೆ ತಂಬೂರಿಯ ಕೆಟ್ಟ ನಕಲು ಆಗುತ್ತದೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಾಕಿದರೆ ಪ್ರತಿ ಕಾರ್ಡೂ ರಾಗವನ್ನು ಬೇರೆ ಕಡೆ ಎಳೆಯುತ್ತದೆ. ಅದನ್ನು ಮಾಡಬಲ್ಲವರು ವರ್ಷಗಟ್ಟಲೆ ಅದರಲ್ಲೇ ಕೂತಿರುತ್ತಾರೆ. ಜನ ಇಷ್ಟಪಡುತ್ತಾರೆ ಅಂತ ಒಂದು ವಾರದಲ್ಲಿ ಹೊಂದಿಸಿ ಇಟ್ಟರೆ ಭೈರವಿಗೂ ಅವಮಾನ, ಕೇಳುಗರಿಗೂ. ಸಿನಿಮಾ ಹಾಡಿನ ವಿಷಯದಲ್ಲೂ ನನ್ನ ಉತ್ತರ ಅದೇ. ಆ ಹಾಡುಗಳ ಮೇಲೆ ನನಗೆ ಪ್ರೀತಿ ಇದೆ. ಅವಕ್ಕೆ ಅಂತಲೇ ಒಂದು ಸಂಜೆ ಇಡೋಣ, ಚೆನ್ನಾಗಿ ತಯಾರಿ ಮಾಡಿ ನುಡಿಸೋಣ.

ಗೋಕಾಕ ಹಾರ್ಮೋನಿಯಂ

ಒಪ್ಪಿದೆ ಅಕ್ಕಾ. ತಯಾರಿ ಇಲ್ಲದ ಭೈರವಿಗಿಂತ ತಯಾರಾದ ಫ್ರಾಂಕ್ ಮೇಲು.

ಚೋರ್ಲಾ ದಾರಿ

ನಾನು ಬೆಳಗಾವಿಯವನು, ಈಗ ಗೋವಾದಲ್ಲಿ ಪಿಯಾನೊ ಟ್ಯೂನಿಂಗ್ ಮಾಡುತ್ತೇನೆ. ಚೋರ್ಲಾ ಘಾಟ್ ಇಳಿದು ಹತ್ತಿ ನಿಮ್ಮ ಕಡೆಗೂ ಬರುತ್ತಿರುತ್ತೇನೆ. ಎಲ್ಲರೂ ಯಾದಿ ಬಗ್ಗೆ ಮಾತಾಡುತ್ತಿದ್ದೀರಿ. ಮೊದಲು ಆ ಪಿಯಾನೊ ನೋಡಿ. ನೀವು ಏನು ನುಡಿಸಬಹುದು ಅನ್ನೋದನ್ನು ಅರ್ಧ ಅದೇ ನಿರ್ಧಾರ ಮಾಡುತ್ತದೆ.

ಪಿಯಾನೊದಲ್ಲಿ 88 ಕೀ, ಸುಮಾರು 220 ತಂತಿ. ಎಲ್ಲ ತಂತಿಗಳ ಎಳೆತ ಸೇರಿದರೆ ಹದಿನೈದು ಇಪ್ಪತ್ತು ಟನ್. ಅದನ್ನೆಲ್ಲ ಹೊತ್ತಿರುವುದು ಕಬ್ಬಿಣದ ಚೌಕಟ್ಟು. ದನಿ ಕೊಡುವುದು ಮಾತ್ರ ಮರದ ತೆಳು ಹಲಗೆ. ಬೆಳಗಾವಿಯ ಮಳೆ ನಿಮಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹಲಗೆ ತೇವ ಕುಡಿದು ಉಬ್ಬುತ್ತದೆ, ನಡುವಿನ ಸಪ್ತಕಗಳ ಶ್ರುತಿ ಏರುತ್ತದೆ. ಚಳಿಗಾಲದ ಒಣಗಾಳಿಗೆ ಅದೇ ಹಲಗೆ ಕುಗ್ಗಿ ಶ್ರುತಿ ಇಳಿಯುತ್ತದೆ. ಮಳೆ ನಿಂತ ತಕ್ಷಣ ಟ್ಯೂನ್ ಮಾಡಿಸಿದರೆ ಜನವರಿಗೆ ಅದು ಉಳಿಯೋದಿಲ್ಲ. ಡಿಸೆಂಬರ್‌ನಲ್ಲಿ ಒಮ್ಮೆ, ಕಾರ್ಯಕ್ರಮದ ಹಿಂದಿನ ದಿನ ಇನ್ನೊಮ್ಮೆ, ಹೀಗೆ ಎರಡು ಸಲ ಮಾಡಿಸಿ. ನಡುವೆ ಪಿಯಾನೊವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ತಳ್ಳಬೇಡಿ.

ಹಳೆಯ ಪಿಯಾನೊ ವರ್ಷಗಟ್ಟಲೆ ಯಾರೂ ಮುಟ್ಟದೆ ಕಾಲು ಸ್ವರ ಇಳಿದಿದ್ದರೆ ಅದನ್ನು ಬಲವಂತವಾಗಿ 440ಕ್ಕೆ (ನಡುವಿನ ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ, ಈಗಿನ ರೂಢಿಯ ಶ್ರುತಿ) ಏರಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ತುಕ್ಕು ಹಿಡಿದ ತಂತಿ ಪಟಪಟ ಹರಿಯುತ್ತದೆ. ಅದರ ಬದಲು ಪಿಯಾನೊವನ್ನು ಇದ್ದ ಎತ್ತರದಲ್ಲೇ ತನ್ನೊಳಗೆ ತಾನು ಸರಿ ಇರುವಂತೆ ಕೂಡಿಸಿ. ವಯೊಲಿನ್ ಕೆಳಗಿಳಿಯಬಹುದು, ಅದಕ್ಕೇನೂ ನೋವಾಗೋದಿಲ್ಲ. 430 ಆದರೂ ಸಂಗೀತ ಸಂಗೀತವೇ.

ಕ್ಯಾಂಪ್ ಪಿಯಾನೊ

ನೋಡಿದೆ ಸರ್. ಫೋನ್‌ನ ಟ್ಯೂನರ್‌ನಲ್ಲಿ ನಡುವಿನ ಎ ಸುಮಾರು 434 ತೋರಿಸುತ್ತಿದೆ. ಮೇಲಿನ ಸಪ್ತಕದಲ್ಲಿ ಎರಡು ಕೀ ಒತ್ತಿದರೆ ತಡವಾಗಿ ಮೇಲೆ ಬರುತ್ತವೆ. ಪೆಡಲ್ ಕೀರಲು ಸದ್ದು ಮಾಡುತ್ತದೆ. ಇದರ ಬದಲು ಬಾಡಿಗೆಗೆ ಡಿಜಿಟಲ್ ಪಿಯಾನೊ ತರೋಣ ಅಂತ ಕೆಲವರು ಹೇಳುತ್ತಿದ್ದಾರೆ. ನಿಮ್ಮ ಅಭಿಪ್ರಾಯ?

ಚೋರ್ಲಾ ದಾರಿ

434 ಅಂದರೆ ಗಾಬರಿ ಇಲ್ಲ, ಆರೋಗ್ಯವಾಗೇ ಇದೆ. ತಂತಿ ನೋಡಿ ನಿಧಾನಕ್ಕೆ ಏರಿಸಲೂಬಹುದು, ಅಲ್ಲೇ ಬಿಡಲೂಬಹುದು. ತಡವಾಗುವ ಕೀಗಳು ತೇವದಿಂದ ಬಿಗಿದಿರುತ್ತವೆ, ಸರಿಯಾಗುತ್ತವೆ. ಪೆಡಲ್ ಸದ್ದು ಹತ್ತು ನಿಮಿಷದ ಕೆಲಸ.

ಡಿಜಿಟಲ್ ತಂದರೆ ಸ್ಪೀಕರ್ ಬೇಕು. ಸ್ಪೀಕರ್ ಬಂದರೆ ಪಿಯಾನೊದ ದನಿ ಒಂದು ಕಡೆಯಿಂದ, ವಯೊಲಿನ್‌ನ ದನಿ ಇನ್ನೊಂದು ಕಡೆಯಿಂದ ಬರುತ್ತದೆ. ಆಗ ವಯೊಲಿನ್‌ಗೂ ಮೈಕ್ ಹಿಡಿಯುತ್ತಾರೆ. ಆಮೇಲೆ ನಿಮ್ಮ ಮೆಲುದನಿಯೆಲ್ಲ ಮಿಕ್ಸರ್ ಮುಂದೆ ಕೂತವನ ಕೈಯಲ್ಲಿ. ಸುಮ್ನೆ ಬೇಡ. ನೂರೈವತ್ತು ಜನರ ಕೋಣೆಗೆ ಒಳ್ಳೆಯ ಅಪ್‌ರೈಟ್ ಸಾಕು.

ಅಪ್‌ರೈಟ್‌ನ ದನಿ ಹಿಂಬದಿಯ ಹಲಗೆಯಿಂದ ಹೊರಡುತ್ತದೆ. ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಅರ್ಧ ದನಿ ಗೋಡೆಗೇ ಹೋಯಿತು. ಒಂದು ಊರಿನ ಸಭಾಂಗಣದಲ್ಲಿ ಪಿಯಾನೊವನ್ನು ಗೋಡೆಗೆ ಆನಿಸಿ, ಮೇಲೆ ನೀರು ತುಂಬಿದ ಹೂದಾನಿ ಇಟ್ಟಿದ್ದನ್ನು ಕಂಡು ನನಗೆ ಅಳುವೇ ಬಂತು. ಗೋಡೆಯಿಂದ ಈಚೆ ಎಳೆದು ಓರೆಯಾಗಿ ನಿಲ್ಲಿಸಿ, ಮೇಲಿನ ಮುಚ್ಚಳ ತೆರೆಯಿರಿ. ನುಡಿಸುವವರಿಗೆ ವಯೊಲಿನ್‌ನ ಕಮಾನು ಕಾಣಬೇಕು, ಅದು ಮುಖ್ಯ.

ಇನ್ನು ಯಾದಿಗೆ ಬರುತ್ತೇನೆ. ಈ ಪಿಯಾನೊದಲ್ಲಿ ಡೆಬ್ಯುಸಿ ಬೇಡ. ಆ ಸಂಗೀತ ನಿಂತಿರುವುದೇ ದನಿಯ ಬಣ್ಣದ ಮೇಲೆ, ಅರ್ಧ ಒತ್ತಿದ ಪೆಡಲ್‌ನ ಮೇಲೆ. ಹಳೆಯ ಅಪ್‌ರೈಟ್‌ನಲ್ಲಿ ಆ ಅರ್ಧ ಸಿಗುವುದಿಲ್ಲ, ಒಂದೋ ಪೂರ್ತಿ ಒಂದೋ ಇಲ್ಲ. ಯಾರಾದರೂ ಆರ್ವೊ ಪಾರ್ಟ್‌ನ ಸ್ಪೀಗೆಲ್ ಇಮ್ ಸ್ಪೀಗೆಲ್ ಸೂಚಿಸಿದರೂ ಬೇಡ ಅನ್ನಿ. ಸ್ವರಗಳು ಕಡಿಮೆ, ನುಡಿಸಲು ಸುಲಭ ಅಂತ ಎಲ್ಲರೂ ಅದರ ಮೇಲೆ ಕಣ್ಣಿಡುತ್ತಾರೆ. ಸ್ವರ ಕಡಿಮೆ ಇದ್ದಷ್ಟೂ ಪಿಯಾನೊದ ಒಂದೊಂದು ಬೇಸೂರೂ ಬೆತ್ತಲೆಯಾಗಿ ಕೇಳುತ್ತದೆ. ಫ್ರಾಂಕ್‌ನಂಥ ತುಂಬಿದ ಸಂಗೀತದಲ್ಲಿ ಹಳೆಯ ಪಿಯಾನೊದ ಸಣ್ಣಪುಟ್ಟ ದೋಷ ಮುಚ್ಚಿಹೋಗುತ್ತದೆ.

ಪುಣೆಯಲ್ಲಿರುವ ಬೆಳಗಾವಿಯವಳು

ಡೆಬ್ಯುಸಿ ಬಿಡೋದು ಕೇಳಿ ಸಂಕಟವಾಯಿತು. 1917ರಲ್ಲಿ, ಕಾಯಿಲೆಯ ನಡುವೆ ಅವರು ಪೂರ್ತಿ ಮಾಡಿದ ಕೊನೆಯ ಕೃತಿ ಅದು. ಆದರೆ ಪಿಯಾನೊ ನೋಡಿದವರ ಮಾತಿಗೆ ಎದುರಾಡಲಾರೆ.

ಅಕ್ಕಾ, ನಿಮ್ಮ ಯಾದಿಯಲ್ಲಿ ನನಗೆ ಕಾಣುವ ತೊಂದರೆ ಬೇರೆ. ಕಾಲದ ಪ್ರಕಾರ ಜೋಡಿಸುವುದು ಪುಸ್ತಕಕ್ಕೆ ಸರಿ. ಕಿವಿಗೆ ಬೇಕಾದದ್ದು ಒಂದರ ಪಕ್ಕ ಒಂದು ಹೇಗೆ ಕೂರುತ್ತದೆ ಅನ್ನೋದು. ಬಾಖ್ ಇ ಮೇಜರ್, ಬೀಥೋವನ್ ಎಫ್ ಮೇಜರ್. ಇ, ಎಫ್ ಅನ್ನೋದು ಆಧಾರ ಸ್ವರ; ಮೇಜರ್ ಅಂದರೆ ಬೆಳಕಿನ ಸ್ಕೇಲ್, ಮೈನರ್ ಅಂದರೆ ನೆರಳಿನದು. ಎರಡೂ ಬೆಳಕಿನ ಕಡೆಯವೇ. ಮೊದಲ ಭಾಗ ಪೂರ್ತಿ ಒಂದೇ ಹವೆ. ಫ್ರಾಂಕ್ ಎ ಮೇಜರ್, ಕೊನೆಯಲ್ಲಿ ಅದೂ ಬೆಳಕೇ. ಬೆಳಕಿಗೆ ಬೆಲೆ ಬರಬೇಕಾದರೆ ಮೊದಲು ಸ್ವಲ್ಪ ನೆರಳು ಬೇಕು.

ಮೊಜಾರ್ಟ್‌ನ ಇ ಮೈನರ್ ಸೊನಾಟಾದಿಂದ ಶುರು ಮಾಡಿ. ಮೊಜಾರ್ಟ್ ಕೃತಿಗಳ ಪಟ್ಟಿಯಲ್ಲಿ ಕೆ. 304. ಎರಡೇ ಮೂವ್‌ಮೆಂಟ್, 13 ನಿಮಿಷದ ಆಸುಪಾಸು. 1778ರ ಪ್ಯಾರಿಸ್ ಕಾಲದ್ದು. ಆ ಜುಲೈನಲ್ಲಿ ಅವರ ತಾಯಿ ಅದೇ ಊರಲ್ಲಿ ತೀರಿಕೊಂಡರು. ವಯೊಲಿನ್ ಮತ್ತು ಪಿಯಾನೊ ಎರಡೂ ಒಂದೇ ಧುನ್ ಅನ್ನು ಒಟ್ಟಿಗೆ ನುಡಿಸುತ್ತಾ ಒಳಗೆ ಬರುತ್ತವೆ, ಕಾರ್ಡ್ ಇಲ್ಲ, ಏನಿಲ್ಲ. ರಾಗ ಕೇಳಿ ಬೆಳೆದ ಕಿವಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಜೊತೆಗೆ ಇಬ್ಬರೂ ಕೋಣೆಯ ದನಿಯನ್ನು ಅಳೆದುಕೊಳ್ಳಬಹುದು, ಕೈ ಬಿಸಿಯಾಗುತ್ತದೆ, ತಡವಾಗಿ ಬಂದವರನ್ನು ಅದು ಮುಗಿದ ಮೇಲೆ ಒಳಗೆ ಬಿಡಬಹುದು.

ಅದರ ಮೇಲೆ ಡ್ವೊರಾಕ್‌ನ ಸೊನಾಟಿನಾ (ಚಿಕ್ಕ ಸೊನಾಟಾ) ಇಡಿ. ಅದು ಜಿ ಮೇಜರ್. ಇ ಮೈನರ್‌ನ ಜೊತೆಗಾರ ಸ್ಕೇಲ್, ಎರಡಕ್ಕೂ ಸ್ವರಗಳು ಅವೇ. ಹಾಗಾಗಿ ಕಿವಿ ಮುಗ್ಗರಿಸುವುದಿಲ್ಲ, ಮೋಡ ಸರಿದ ಹಾಗೆ ತಾನೇ ಬೆಳಗಾಗುತ್ತದೆ. 20 ನಿಮಿಷ. ಡ್ವೊರಾಕ್ ಅಮೆರಿಕದಲ್ಲಿದ್ದಾಗ 1893ರಲ್ಲಿ ತಮ್ಮ ಮಗಳು ಮತ್ತು ಮಗನಿಗಾಗಿ ಬರೆದದ್ದು. ಆ ಕಾಲದ ಅವರ ಧುನ್‌ಗಳಲ್ಲಿ ಐದು ಸ್ವರಗಳ ಸುಳಿ ಜಾಸ್ತಿ. ಐದು ಸ್ವರಗಳ ಭೂಪ್ ರಾಗ ಕೇಳಿದವರಿಗೆ ಅಲ್ಲಲ್ಲಿ ಪರಿಚಯದ ಮುಖ ಕಂಡಂತಾಗುತ್ತದೆ. ಇದೇ ಭೂಪ್ ಅಂತ ಮಾತ್ರ ವೇದಿಕೆಯಲ್ಲಿ ಹೇಳಬೇಡಿ, ಅದು ನಿಜ ಅಲ್ಲ.

ಆಮೇಲೆ ವಿರಾಮ. ವಿರಾಮದ ನಂತರ ಫ್ರಾಂಕ್ ಒಂದೇ. ಚಾರ್ದಾಶ್ ತೆಗೆದುಬಿಡಿ. ಫ್ರಾಂಕ್‌ನ ಕೊನೆಯ ಮೂವ್‌ಮೆಂಟ್‌ನಲ್ಲಿ ಪಿಯಾನೊ ಹಾಡಿದ್ದನ್ನು ವಯೊಲಿನ್ ಒಂದು ಆವರ್ತ ಹಿಂದೆ ಬಂದು ಹಾಡುತ್ತದೆ. ಆ ಸಂತೋಷದ ಮೇಲೆ ಚಾರ್ದಾಶ್ ಇಟ್ಟರೆ ಜನ ಚಾರ್ದಾಶ್ ನೆನಪಿಟ್ಟುಕೊಂಡು ಮನೆಗೆ ಹೋಗುತ್ತಾರೆ.

ಟಿಳಕವಾಡಿ ವಯೊಲಿನ್

ಇ ಮೈನರ್ ಆದ ಮೇಲೆ ಜಿ ಮೇಜರ್. ಇಷ್ಟು ಸರಳವಾಗಿ ಇಡೀ ಮೊದಲ ಭಾಗ ಒಂದಕ್ಕೊಂದು ಸೇರಿಕೊಳ್ಳುತ್ತದಲ್ಲ! ಸೊನಾಟಿನಾ ನನ್ನ ಕೈಯಲ್ಲಿದೆ, ಮಕ್ಕಳಿಗೆ ಕಲಿಸುತ್ತಾ ಕಲಿಸುತ್ತಾ ಬಾಯಿಪಾಠ ಆಗಿದೆ. ಮಕ್ಕಳ ಕೃತಿ ಅಂತ ಅದನ್ನು ವೇದಿಕೆಗೆ ತರೋಕೆ ಬಹಳ ಜನ ಹಿಂಜರಿಯುತ್ತಾರೆ. ಎರಡನೇ ಮೂವ್‌ಮೆಂಟ್ ಒಂದನ್ನು ಕೇಳಿ ನೋಡಿ, ಆ ಹಿಂಜರಿಕೆ ಎಷ್ಟು ಅನ್ಯಾಯ ಅಂತ ಗೊತ್ತಾಗುತ್ತದೆ. ಕ್ರೈಸ್ಲರ್‌ನಂಥ ವಯೊಲಿನ್ ವಾದಕರೇ ಅದನ್ನು ಬೇರೆಯಾಗಿ ತೆಗೆದು ನುಡಿಸುತ್ತಿದ್ದರು.

ಸ್ಪ್ರಿಂಗ್ ಬಿಡಲು ಮಾತ್ರ ಮನಸ್ಸು ಒಪ್ಪುತ್ತಿಲ್ಲ.

ಸುಳೇಭಾವಿ ದಾರಿ

ಸ್ಪ್ರಿಂಗ್ ನಾನು ರೆಕಾರ್ಡ್‌ನಲ್ಲಿ ಕೇಳಿದ್ದೇನೆ. ವಯೊಲಿನ್ ಮೊದಲು ಹಾಡುತ್ತದೆ, ಆಮೇಲೆ ಅದೇ ಧುನ್ ಪಿಯಾನೊ ಎತ್ತಿಕೊಳ್ಳುತ್ತದೆ, ವಯೊಲಿನ್ ಕೆಳಗೆ ಹೋಗಿ ಜೊತೆ ಕೊಡುತ್ತದೆ. ಸವಾಲ್-ಜವಾಬ್ ಬಲ್ಲ ನಮ್ಮ ಜನಕ್ಕೆ ಅದು ತಕ್ಷಣ ತಿಳಿಯುತ್ತದೆ. ಡ್ವೊರಾಕ್ ಬದಲು ಅದನ್ನೇ ಇಡಬೇಕು ಅನ್ನೋದು ನನ್ನ ಮತ. ಹೆಸರೂ ಕೇಳಿದವರಿದ್ದಾರೆ.

ಪುಣೆಯಲ್ಲಿರುವ ಬೆಳಗಾವಿಯವಳು

ಕಾಕಾ, ಧುನ್ ಬಗ್ಗೆ ನೀವು ಹೇಳಿದ್ದು ನಿಜ. ಮೂರನೇ ಮೂವ್‌ಮೆಂಟ್‌ನಲ್ಲಿ ವಯೊಲಿನ್ ಪಿಯಾನೊಗಿಂತ ಒಂದು ಮಾತ್ರೆ ಹಿಂದೆ ಬಿದ್ದಂತೆ ಓಡುವ ತಮಾಷೆಯೂ ನಮ್ಮ ಲಯದ ಜನಕ್ಕೆ ಹಿಡಿಸುತ್ತದೆ. ಆದರೆ ಇ ಮೈನರ್‌ನಿಂದ ಎಫ್ ಮೇಜರ್‌ಗೆ ಹೋಗುವುದು ಅಷ್ಟು ನಯವಾಗಿಲ್ಲ. 25 ನಿಮಿಷ, ನಾಲ್ಕು ಮೂವ್‌ಮೆಂಟ್, ಪಿಯಾನೊಗೆ ತುಂಬು ಕೆಲಸ. ಫ್ರಾಂಕ್‌ಗೆ ಕೈ ಉಳಿಯಬೇಕು ಅಂತ ಅವರೇ ಮೇಲೆ ಬರೆದಿದ್ದಾರೆ.

ಸುಳೇಭಾವಿ ದಾರಿ

ಕೈ ಅವರದು, ನಿರ್ಧಾರವೂ ಅವರದೇ ಆಗಲಿ. ನನ್ನ ಮತ ಬದಲಾಗಿಲ್ಲ ಅಂತ ಮಾತ್ರ ಬರೆದಿಡುತ್ತೇನೆ.

ಟಿಳಕವಾಡಿ ವಯೊಲಿನ್

ಶಹಾಪುರದ ಅಣ್ಣ ಕೇಳಿದ ಚಪ್ಪಾಳೆ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಅಣ್ಣಾ, ಮನಸ್ಸಿಗೆ ಬಂದಾಗ ಹೊಡೆಯಿರಿ. ಇ ಮೈನರ್ ಸೊನಾಟಾದ ಅದೇ 1778ರಲ್ಲಿ, ಅದೇ ಪ್ಯಾರಿಸ್‌ನಲ್ಲಿ ಮೊಜಾರ್ಟ್‌ನ ಒಂದು ಸಿಂಫನಿ ಮೊದಲ ಸಲ ನುಡಿಸಲ್ಪಟ್ಟಿತು. ಮೂವ್‌ಮೆಂಟ್‌ನ ನಡುವೆಯೇ ಒಂದು ಜಾಗ ಜನಕ್ಕೆ ಹಿಡಿಸಿ ಚಪ್ಪಾಳೆ ಬಿತ್ತು. ಆ ಜಾಗ ಹಿಡಿಸುತ್ತದೆ ಅಂತ ಗೊತ್ತಿದ್ದೇ ಬರೆದೆ ಅಂತ ಮೊಜಾರ್ಟ್ ಸಂತೋಷದಿಂದ ತಂದೆಗೆ ಕಾಗದ ಬರೆದರು. ಮೂವ್‌ಮೆಂಟ್‌ಗಳ ನಡುವೆ ಉಸಿರು ಬಿಗಿಹಿಡಿದು ಕೂರುವ ಪದ್ಧತಿ ಬಹಳ ಆಮೇಲೆ ಬಂದದ್ದು.

ಫ್ರಾಂಕ್‌ನ ಎರಡನೇ ಮೂವ್‌ಮೆಂಟ್ ಮುಗಿಯುವಾಗ ಚಪ್ಪಾಳೆ ತಾನೇ ಬರುತ್ತದೆ, ಬರಲಿ. ನಾವು ಅಲ್ಲಿ ಒಂದು ಉಸಿರು ಜಾಸ್ತಿ ನಿಲ್ಲುತ್ತೇವೆ. ಮೂರನೆಯದರಿಂದ ನಾಲ್ಕನೆಯದಕ್ಕೆ ಹೋಗುವಲ್ಲಿ ಮಾತ್ರ ನಾನು ಕಮಾನು ಕೆಳಗಿಳಿಸುವುದಿಲ್ಲ. ಕಮಾನು ಮೇಲಿದ್ದರೆ ಇನ್ನೂ ಮುಗಿದಿಲ್ಲ ಅಂತ ತಿಳಿಯಿರಿ.

ಶಹಾಪುರದ ಕೇಳುಗ

ಕಮಾನು ನೋಡಿಕೊಂಡಿರುತ್ತೇನೆ. ಇದೊಂದು ಸಾಲು ನಿಮ್ಮ ಕಾರ್ಯಕ್ರಮದ ಚೀಟಿಯಲ್ಲಿ ಅಚ್ಚು ಹಾಕಿಸಿ, ನನ್ನಂಥವರು ಬಹಳ ಜನ ಇರುತ್ತಾರೆ. ಅಂದಹಾಗೆ ಫ್ರಾಂಕ್‌ನಲ್ಲಿ ಯಾವುದನ್ನು ಹಿಡಿದು ಕೂರಬೇಕು ಅನ್ನೋದನ್ನೂ ಹೇಳಿ.

ಕ್ಯಾಂಪ್ ಪಿಯಾನೊ

ಫ್ರಾಂಕ್ ಶುರುವಾಗುವಾಗ ನಾನು ಕೆಲವು ಮೆತ್ತಗಿನ ಕಾರ್ಡ್ ನುಡಿಸುತ್ತೇನೆ. ಆಮೇಲೆ ವಯೊಲಿನ್ ತೂಗುವ ಒಂದು ಚಿಕ್ಕ ಧುನ್‌ನಿಂದ ಒಳಗೆ ಬರುತ್ತದೆ. ಆ ತೂಗು ನೆನಪಿಡಿ. ನಾಲ್ಕೂ ಮೂವ್‌ಮೆಂಟ್‌ಗಳಲ್ಲಿ ಅದರ ನೆಂಟರು ಬಂದು ಹೋಗುತ್ತಿರುತ್ತಾರೆ, ಒಮ್ಮೆ ಸಿಟ್ಟಿನಲ್ಲಿ, ಒಮ್ಮೆ ಯೋಚನೆಯಲ್ಲಿ. ಸುಳೇಭಾವಿ ಸರ್ ಹೇಳಿದ ಹಾಗೆ ಆ ಧುನ್ ಮೊದಲೇ ನುಡಿಸಿ ತೋರಿಸುತ್ತೇವೆ.

ಇದು ಮದುವೆಯ ಉಡುಗೊರೆ ಅನ್ನೋದೂ ಹೇಳುತ್ತೇವೆ. ಯೂಜೀನ್ ಇಸಾಯಿ ಅನ್ನುವ ವಯೊಲಿನ್ ವಾದಕರ ಮದುವೆಗೆ 1886ರಲ್ಲಿ ಫ್ರಾಂಕ್ ಕೊಟ್ಟದ್ದು. ಆಗ ಫ್ರಾಂಕ್‌ಗೆ 63 ವರ್ಷ.

ಗೋಕಾಕ ಹಾರ್ಮೋನಿಯಂ

ಸಂಜೆ ಕರೆಂಟ್ ಹೋದರೆ ಏನು ಮಾಡುತ್ತೀರಿ? ಜನರೇಟರ್ ಹಚ್ಚಿದರೆ ಅದರ ಸದ್ದಿನಲ್ಲಿ ನಿಮ್ಮ ಮೆಲುದನಿ ಕೇಳೋದಿಲ್ಲ.

ಪುಣೆಯಲ್ಲಿರುವ ಬೆಳಗಾವಿಯವಳು

ಫ್ರಾಂಕ್ ಸೊನಾಟಾಗೆ ಕತ್ತಲೆ ಹೊಸದಲ್ಲ ಅಣ್ಣಾ! ಅದೇ 1886ರ ಡಿಸೆಂಬರ್ 16ರಂದು ಬ್ರಸೆಲ್ಸ್‌ನ ಒಂದು ಚಿತ್ರ ಸಂಗ್ರಹಾಲಯದಲ್ಲಿ ಇಸಾಯಿ ಮತ್ತು ಪಿಯಾನೊ ವಾದಕಿ ಲಿಯೊಂಟಿನ್ ಬೋರ್ಡ್-ಪೆನ್ ಅದನ್ನು ನುಡಿಸಿದರು. ಮಧ್ಯಾಹ್ನ ಶುರುವಾದ ಉದ್ದನೆಯ ಕಾರ್ಯಕ್ರಮದಲ್ಲಿ ಇದೇ ಕೊನೆಯದು. ಚಳಿಗಾಲದ ಹೊತ್ತು ಮುಳುಗಿತು. ಚಿತ್ರಗಳಿಗೆ ಅಪಾಯ ಅಂತ ಅಲ್ಲಿ ದೀಪ ಹಚ್ಚುವ ಹಾಗಿರಲಿಲ್ಲ. ಮೊದಲ ಮೂವ್‌ಮೆಂಟ್ ಮುಗಿಯುವಷ್ಟರಲ್ಲಿ ಹಾಳೆ ಕಾಣದಾಯಿತು. ಉಳಿದ ಮೂರನ್ನೂ ಇಬ್ಬರೂ ಕತ್ತಲಲ್ಲೇ ನೆನಪಿನಿಂದ ನುಡಿಸಿದರು. ಅಲ್ಲಿದ್ದ ಸಂಗೀತ ರಚನೆಕಾರ ವ್ಯಾನ್ಸಾನ್ ದಾಂಡಿ ಇದನ್ನು ಬರೆದಿಟ್ಟಿದ್ದಾರೆ.

ಉಪಾಯ ಅಂದರೆ, ಹಾಳೆ ಇಡುವ ಸ್ಟ್ಯಾಂಡ್‌ಗೆ ಬ್ಯಾಟರಿ ದೀಪ ಎರಡು ತಗೊಳ್ಳಿ. ಸಂಜೆ ಐದೂವರೆಗೆ ಶುರು ಮಾಡಿದರೆ ಮೊದಲ ಭಾಗ ಹಗಲ ಬೆಳಕಿನಲ್ಲೇ ಆಗುತ್ತದೆ.

ಚೋರ್ಲಾ ದಾರಿ

ಜನವರಿ ಆರಿಸಿದ್ದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ಫ್ಯಾನ್ ಬೇಕಾಗೋದಿಲ್ಲ. ಛಾವಣಿ ಫ್ಯಾನ್‌ನ ಸದ್ದು ವಯೊಲಿನ್‌ನ ಮೆಲುದನಿಯನ್ನು ನುಂಗಿಬಿಡುತ್ತದೆ, ಹಾಳೆಯನ್ನೂ ಹಾರಿಸುತ್ತದೆ. ಒಣಗಾಳಿಗೆ ವಯೊಲಿನ್‌ನ ಬಿರಡೆ ಮಾತ್ರ ಜಾರುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ. ವಯೊಲಿನ್ ಅನ್ನು ಒಂದು ಗಂಟೆ ಮುಂಚೆ ಅದೇ ಕೋಣೆಯಲ್ಲಿ ತೆರೆದಿಡಿ.

ಟಿಳಕವಾಡಿ ವಯೊಲಿನ್

ನಿನ್ನೆ ಇಬ್ಬರೂ ಸಭಾಂಗಣದಲ್ಲಿ ಕೂತು ಎಲ್ಲವನ್ನೂ ಒಂದು ಸುತ್ತು ನುಡಿಸಿದೆವು. ನಿರ್ಧಾರ ಆಗಿದೆ. ಐದೂವರೆಗೆ ಮೊಜಾರ್ಟ್ ಇ ಮೈನರ್. ಬಾಗಿಲು ತೆರೆದು ತಡವಾದವರನ್ನು ಕೂರಿಸಿ ಡ್ವೊರಾಕ್ ಸೊನಾಟಿನಾ. ಹದಿನೈದು ನಿಮಿಷ ಚಹಾ. ಆಮೇಲೆ ಧುನ್‌ಗಳನ್ನು ತೋರಿಸುತ್ತಾ ಐದು ನಿಮಿಷ ಮಾತು, ನಂತರ ಫ್ರಾಂಕ್. ಸಂಗೀತ ಒಂದು ಗಂಟೆಗೆ ಸ್ವಲ್ಪ ಜಾಸ್ತಿ. ಏಳೂಕಾಲಿಗೆ ಎಲ್ಲರೂ ಮನೆಗೆ ಹೊರಡಬಹುದು, ಹಳ್ಳಿ ಕಡೆಯ ಬಸ್ಸೂ ಸಿಗುತ್ತದೆ.

ಬಾಖ್, ಡೆಬ್ಯುಸಿ ಈ ಸಲ ಇಲ್ಲ. ಸ್ಪ್ರಿಂಗ್ ಮುಂದಿನ ಕಾರ್ಯಕ್ರಮದಲ್ಲಿ ಖಂಡಿತ ಸರ್, ಅದನ್ನು ನಡುವಿನಲ್ಲಿಟ್ಟು ಸುತ್ತ ಬೇರೆ ಕಟ್ಟುತ್ತೇವೆ.

ಜನ ಎದ್ದು ನಿಂತು ಇನ್ನೊಂದು ಕೇಳಿದರೆ ಕ್ರೈಸ್ಲರ್‌ನ ಲೀಬೆಸ್‌ಲೈಡ್. ಮೂರೂವರೆ ನಿಮಿಷ, ಮೆಲ್ಲಗಿನದು. ಫ್ರಾಂಕ್‌ನ ಮೇಲೆ ಜೋರಾದದ್ದು ಬೇಡ ಅನ್ನುವ ಮಾತು ಮನಸ್ಸಿಗೆ ನಾಟಿತು. ಕ್ರೈಸ್ಲರ್ ತೀರಿಕೊಂಡದ್ದು 1962ರಲ್ಲಿ. ನಮ್ಮ ದೇಶದಲ್ಲಿ ರಚನೆಕಾರರು ತೀರಿಕೊಂಡ ಮೇಲೆ ಕೃತಿಯ ಹಕ್ಕು 60 ವರ್ಷ, ಹಾಗಾಗಿ ಅನುಮತಿಯ ತಲೆನೋವೂ ಇಲ್ಲ.

ಚೀಟಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಹಿಂದಿನ ಪುಟದಲ್ಲಿ ಮರಾಠಿಯಲ್ಲಿ. ಓಣಿಯ ಎಲ್ಲರೂ ಬರಬೇಕು ಅನ್ನೋ ಆಸೆ. ಅಕ್ಷರ ದೊಡ್ಡದಿರುತ್ತದೆ. ಹುಟ್ಟಿದ ಇಸವಿ, ಗುರುಗಳ ಹೆಸರು ಇಂಥವೆಲ್ಲ ಬಿಟ್ಟು, ಏನನ್ನು ಕೇಳಬೇಕು ಅನ್ನೋದನ್ನು ಮಾತ್ರ ಬರೆಯುತ್ತೇನೆ.

ವಡಗಾವಿ ತಾಯಿ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನನ್ನ ಮಗಳು ಒಂಬತ್ತನೇ ಕ್ಲಾಸು, ಪಿಯಾನೊ ಕಲಿಯುತ್ತಿದ್ದಾಳೆ, ನೊಟೇಶನ್ ಚೆನ್ನಾಗಿ ಓದುತ್ತಾಳೆ. ಪುಟ ತಿರುಗಿಸಲು ಯಾರಾದರೂ ಬೇಕಾಗುತ್ತದಲ್ವಾ ಮೇಡಮ್? ಅವಳನ್ನು ಕರೆತರಬಹುದಾ?

ಕ್ಯಾಂಪ್ ಪಿಯಾನೊ

ಖಂಡಿತ ಬರಲಿ. ಫ್ರಾಂಕ್‌ನ ಎರಡನೇ ಮೂವ್‌ಮೆಂಟ್‌ನಲ್ಲಿ ನನಗೆ ಪುಟ ತಿರುಗಿಸಲು ಒಂದು ಬೆರಳೂ ಬಿಡುವಿರುವುದಿಲ್ಲ. ಅವಳು ನನ್ನ ಎಡಗಡೆ, ಒಂಚೂರು ಹಿಂದೆ ಕೂರಬೇಕು. ಪುಟದ ಕೊನೆಯ ಸಾಲಿಗೆ ಬಂದಾಗ ಎದ್ದು ನಿಂತು, ಎಡಗೈಯಿಂದ ಬಲಗಡೆಯ ಮೇಲಿನ ಮೂಲೆ ಹಿಡಿದು ಕಾಯಬೇಕು. ನಾನು ತಲೆಯಾಡಿಸಿದಾಗ ತಿರುಗಿಸಿದರೆ ಸಾಕು. ಬಳೆ ಬೇಡ, ಉದ್ದ ತೋಳಿನ ಅಂಗಿಯೂ ಬೇಡ. ಈ ಶನಿವಾರ ನಾಲ್ಕು ಗಂಟೆಗೆ ಅಭ್ಯಾಸ ಇದೆ. ಫ್ರಾಂಕ್‌ನ ನೊಟೇಶನ್ ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಬರುವ ಮುಂಚೆ ಎರಡನೇ ಮೂವ್‌ಮೆಂಟ್ ಒಮ್ಮೆ ಕಣ್ಣಾಡಿಸಿಕೊಂಡು ಬರಲು ಹೇಳಿ.